ರಸ್ತೆ ಪರದೆಯ ಮುಂದೆ

ನಾಲ್ಕು ತಗಡು, ಮೇಲೊಂದು ತಾಡಪತ್ರಿ, ಕೆಳಗೆ ಮಾಸಿದ ಜಮಖಾನೆ. ಇಷ್ಟಾದರೆ ಬಣ್ಣದ ಕೋಣೆ ಆಯಿತು. ಮಧ್ಯಾಹ್ನದ ಆಟ ಈಗಷ್ಟೇ ಮುಗಿದಿದೆ, ಆರೂವರೆಯ ಆಟಕ್ಕೆ ಇನ್ನೂ ಮುಕ್ಕಾಲು ಗಂಟೆ. ತಗಡಿನ ಗುಂಟ ಸಾಲಾಗಿ ಬಾಯಿ ತೆರೆದು ಕೂತ ಟ್ರಂಕುಗಳು. ಒಂದೊಂದರ ಮುಚ್ಚಳದ ಒಳಮೈಗೂ ಒಂದು ಕನ್ನಡಿ, ಕನ್ನಡಿಯ ಪಕ್ಕ ಒಂದು ದೇವರು. ಒಂದು ಟ್ರಂಕಿನಲ್ಲಿ ಮಾತ್ರ ದೇವರ ಜಾಗಕ್ಕೆ ಶಾಲೆಯ ಅಂಗಿ ತೊಟ್ಟ ಎರಡು ಮಕ್ಕಳ ಫೋಟೊ. ಕೊಬ್ಬರಿ ಎಣ್ಣೆ, ಪೌಡರು, ಬೆವರು, ಹಳೆಯ ಪೇಪರಿನ ಮೇಲೆ ಎಣ್ಣೆ ಬಿಡುತ್ತಿರುವ ಮಿರ್ಚಿಭಜಿ. ಹೊರಗೆ ಅಕ್ಕಪಕ್ಕದ ಮೂರು ನಾಟಕ ಕಂಪನಿಗಳ ಮೈಕುಗಳು ಒಟ್ಟಿಗೇ ಕೂಗುತ್ತಿವೆ. ಒಂದರಲ್ಲಿ ತಾಯಿ ಅಳುತ್ತಾಳೆ, ಇನ್ನೊಂದರಲ್ಲಿ ಸೊಸೆ ಗದರುತ್ತಾಳೆ, ಮೂರನೆಯದರಲ್ಲಿ ಯಾರೋ ‘ಇನ್ನೂ ಟಿಕೆಟ್ ಅದಾವು, ಬರ್ರಿ ಬರ್ರಿ’ ಎನ್ನುತ್ತಾನೆ. ದೂರ ನಿಂತು ಕೇಳಿದರೆ ಸೊಸೆಯ ಕಾಟಕ್ಕೆ ತಾಯಿಯನ್ನೇ ಹರಾಜಿಗಿಟ್ಟ ಹಾಗಿದೆ.

ಇದು ಬಾದಾಮಿ ಪಕ್ಕದ ಚೊಳಚಗುಡ್ಡದ ಬನಶಂಕರಿ ಜಾತ್ರೆ. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ಹೆಚ್ಚುಕಡಿಮೆ ಒಂದು ತಿಂಗಳು ಇಲ್ಲಿ ಜನ ಕರಗುವುದಿಲ್ಲ. ತೇರಿನ ಮುನ್ನಾದಿನ ಪಲ್ಯದ ಹಬ್ಬ, ದೇವಿಗೆ 108 ಬಗೆಯ ಕಾಯಿಪಲ್ಯದ ನೈವೇದ್ಯ. ಹರಿದ್ರಾ ತೀರ್ಥದ ಹೊಂಡದ ಬದಿಗೆ ಜೋಳದ ರೊಟ್ಟಿ, ಕೆಂಪು ಚಟ್ನಿ, ಗಡಿಗೆ ಮೊಸರಿನ ಬುಟ್ಟಿ ಇಳಿಸಿಕೊಂಡು ಕೂತ ಹೆಂಗಸರು ‘ಬಾರಪ್ಪ, ಉಂಡು ಹೋಗು’ ಎಂದು ಕರೆಯುವ ದನಿಗೆ ಹಸಿವಿಲ್ಲದವನೂ ಕೂತುಬಿಡುತ್ತಾನೆ. ಮನೆ ಕಟ್ಟಿಸುವವರು ಬಾಗಿಲ ಚೌಕಟ್ಟು ಕೊಳ್ಳಲು ಬರುವ ಜಾತ್ರೆಯೂ ಹೌದು. ಕೆತ್ತನೆಯ ಚೌಕಟ್ಟನ್ನು ಟ್ರ್ಯಾಕ್ಟರಿಗೆ ಬಿಗಿದು, ಅದರ ಮೇಲೆಯೇ ಹೆಂಡತಿ ಮಕ್ಕಳನ್ನು ಕೂರಿಸಿ, ಊರಿಗೆ ಹೊರಡುವ ಮುನ್ನ ಒಂದು ನಾಟಕ. ಹಗಲು ಮನೆ ಕಟ್ಟಲು ಚೌಕಟ್ಟು ಕೊಂಡವರೇ ರಾತ್ರಿ ಮನೆ ಮುರಿಯುವ ನಾಟಕಕ್ಕೆ ಟಿಕೆಟ್ ತೆಗೆಸುತ್ತಾರೆ. ಸಾಲು ಸಾಲು ಕಂಪನಿ, ನಡುರಾತ್ರಿ ದಾಟಿದರೂ ಆಟ. ಇಲ್ಲಿಯ ಗಲ್ಲಾಪೆಟ್ಟಿಗೆ ತುಂಬಿದರೆ ಮಳೆಗಾಲ ಹೇಗೋ ಕಳೆದೀತೆಂಬುದು ಮಾಲೀಕರ ಲೆಕ್ಕ.

ನಾನು ಕೂತದ್ದು ಹಾಸ್ಯದವರ ಮೂಲೆಯಲ್ಲಿ. ನಾಲ್ಕು ಜನ. ಅರವತ್ತು ದಾಟಿದ ಹಿರಿಯ, ಎಲ್ಲರ ಬಾಯಲ್ಲೂ ‘ಕಾಕಾ’. ನಲವತ್ತರ ಆಸುಪಾಸಿನ ಗಂಡ ಹೆಂಡತಿ, ರಂಗದ ಮೇಲೂ ಜೋಡಿ, ಕೆಳಗೂ ಜೋಡಿ. ಟೀವಿಯ ಹಾಸ್ಯ ಸ್ಪರ್ಧೆಯಲ್ಲಿ ಎರಡು ಸುತ್ತು ಆಡಿ ಬಂದ ಹುಡುಗ. ಬೋರ್ಡಿನಲ್ಲಿ ನಾಯಕನ ತಲೆಗಿಂತ ಅವನ ತಲೆ ದೊಡ್ಡದು.

‘ನಗಸಾವರು ಒಳಗೊಳಗ ಅಳ್ತಾರೇನು ಅಂತ ಕೇಳಾಕ ಬಂದೀರೇನು?’ ಕಾಕಾ ಶುರುವಿಗೇ ಕಡ್ಡಿ ಮುರಿದರು. ‘ಪೇಪರಿನವರು ಬಂದ್ರಂದ್ರ ಇದೊಂದ ಪ್ರಶ್ನಿ. ಅಳೂದಿಲ್ರಿ. ಟೈಮ್ ಸಿಕ್ರ ಮಲಗತೀವಿ.’

ನನ್ನ ಚೀಲದಲ್ಲಿ ನಿಜಕ್ಕೂ ಆ ಪ್ರಶ್ನೆಯೇ ಇತ್ತು. ಹಾಗೇ ಒಳಗೆ ತಳ್ಳಿದೆ.

ಮಾತು ತಾನಾಗಿ ಹುಡುಗನ ಮದುವೆಯ ಕಡೆ ಹೊರಳಿತು. ನಾಟಕದವರಿಗೆ, ಅದರಲ್ಲೂ ಕಾಮಿಡಿ ಪಾರ್ಟಿನವರಿಗೆ, ಹೆಣ್ಣು ಕೊಡಲು ಹಿಂದೆ ಮುಂದೆ ನೋಡುವವರು ಇಂದಿಗೂ ಕಡಿಮೆಯಿಲ್ಲ. ‘ಕನ್ಯಾ ನೋಡಾಕ ಹೋದ್ವಿ’ ಎಂದ ಹುಡುಗ. ‘ನಾನಿನ್ನೂ ಬಾಯಿ ತಗದಿದ್ದಿಲ್ಲ, ಹುಡುಗಿ ಅಪ್ಪ ನಗಾಕ ಚಾಲೂ ಮಾಡಿದ. ಅವಲಕ್ಕಿ ಕೊಟ್ರು, ಚಾ ಕೊಟ್ರು. ಒಂದು ಐಟಂ ಮಾಡಿ ತೋರಸ್ರಿ ಅಂದ್ರು. ಮಾಡಿದೆ. ಬಿದ್ದು ಬಿದ್ದು ನಕ್ರು. ಕಣ್ಣೀರು ಒರಸ್ಕೊಂಡು ಕೇಳಿದ್ರು, ಅದಿರ್ಲಿ, ನೌಕರಿ ಏನು?’

‘ನಂದೇನು ಬ್ಯಾರೆ ಕತಿ?’ ಎಂದರು ಕಾಕಾ. ‘ನಮ್ಮ ಮಾವಗ ಹುಡುಗ ಸಾಲಿ ಮಾಸ್ತರ ಅಂತ ಹೇಳಿ ಮದುವಿ ಮಾಡಿದ್ರು. ಸುಳ್ಳಲ್ಲ. ಆವಾಗ ನಂದು ಮಾಸ್ತರ ಪಾರ್ಟ್ ಇತ್ತು.’

ಹೆಂಗಸು ನಕ್ಕಳು. ಗಂಡನೂ ನಕ್ಕ. ಆದರೆ ಅವನು ನಕ್ಕದ್ದೇ ಅವಳು ನಗು ನಿಲ್ಲಿಸಿದಳು. ಭಜಿಯ ಪೇಪರನ್ನು ಅವನ ಕೈಗೆ ಎಟುಕದಷ್ಟು ದೂರ ಸರಿಸಿದಳು. ಅಲ್ಲೇನೋ ನಡೆದಿದೆ ಎಂದು ಗೊತ್ತಾಗಲು ನನಗೆ ಅಷ್ಟು ಸಾಕಾಯಿತು.

ಕಂಪನಿ ನಾಟಕದ ಹಾಸ್ಯ ಹುಟ್ಟುವ ಜಾಗ ಇಂಥದ್ದೇ. ಭಜಿಯ ಪೇಪರು, ಅತ್ತೆಯ ಫೋನು, ತವರಿಗೆ ಹೋಗುವ ಬಸ್ಸಿನ ಚಾರ್ಜು. ಕಥೆಯನ್ನು ಬರೆಯುವವನು ಕವಿ. ಸುಳೇಭಾವಿಯ ಪಿ.ಬಿ. ಧುತ್ತರಗಿ ಅಂಥವರು ಬರೆದರೆ ಕಥೆಗೂ ಬೆನ್ನುಮೂಳೆ ಇರುತ್ತಿತ್ತು. ಅವರ ‘ಸಂಪತ್ತಿಗೆ ಸವಾಲ್’ ತಗಡಿನ ಥಿಯೇಟರಿನಿಂದ ಹೊರಟು 1974ರಲ್ಲಿ ರಾಜಕುಮಾರ್ ಸಿನಿಮಾ ಆಯಿತು. ಆದರೆ ಹಾಸ್ಯದ ಸೀನಿಗೆ ಬರಹ ಅರ್ಧ ಪುಟ. ಉಳಿದದ್ದನ್ನು ನಟನೇ ತನ್ನ ಮನೆಯಿಂದ ತರಬೇಕು. ತಂದದ್ದಕ್ಕೆ ಮನೆಯಲ್ಲಿ ಬೆಲೆ ಕೊಡಬೇಕಾಗುತ್ತದೆ.

ಕಾಕಾ ಕೊಟ್ಟ ಬೆಲೆ ಇದು. ಅವರ ಹೆಂಡತಿ ಊರಲ್ಲಿ, ಹೊಲಮನೆ ನೋಡಿಕೊಂಡು. ಒಮ್ಮೆ ಇದೇ ಜಾತ್ರೆಗೆ ಬಂದು ಮೂರನೆಯ ಸಾಲಿನಲ್ಲಿ ಕೂತರು. ಇವರು ಅಂದು ಹೊಡೆದ ಮಾತುಗಳಲ್ಲಿ ಅರ್ಧಕ್ಕರ್ಧ ಆಕೆಯವು: ಆಕೆ ಎಮ್ಮೆಗೆ ಬೈಯುವ ಬೈಗುಳ, ಗಂಡ ಬಂದಾಗ ನೀರು ಕೊಡುತ್ತ ಆಡುವ ಕೊಂಕು. ಥಿಯೇಟರ್ ಎದ್ದು ಕುಣಿಯಿತು. ಆಕೆಯೂ ಸೆರಗು ಬಾಯಿಗಿಟ್ಟು ನಕ್ಕರಂತೆ. ಆಟ ಮುಗಿದ ಮೇಲೆ ಒಳಗೆ ಬಂದು ಒಂದೇ ಮಾತು: ‘ಮಾತು ನಂದು, ಚಪ್ಪಾಳಿ ನಿಂದು. ಇದರಾಗ ನನ್ನ ಪಾಲೆಷ್ಟು?’

‘ಅವತ್ತಿನಿಂದ ಜಾತ್ರಿಗೊಂದು ಇಳಕಲ್ ಸೀರಿ’ ಎಂದರು ಕಾಕಾ. ‘ಕವಿಗಳಿಗೆ ಸಂಭಾವನಿ ಕೊಡಬೇಕಲ್ರಿ.’

ಮನೆ ಮತ್ತು ಕಂಪನಿಯ ನಡುವೆ ಗೋಡೆಯೇ ಇಲ್ಲದ ಸಂಸಾರಗಳೂ ಈ ರಂಗಭೂಮಿಯಲ್ಲಿ ಹಿಂದಿನಿಂದ ಇವೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯನ್ನು ಮುಗಿಲಿಗೆ ಮುಟ್ಟಿಸಿದ ವೀರಣ್ಣ ಹೆಸರು ಮಾಡಿದ್ದು ಹಾಸ್ಯದಲ್ಲಿ. ‘ಸದಾರಮೆ’ ನಾಟಕದಲ್ಲಿ ಅವರ ಕಳ್ಳನ ಪಾತ್ರ ನೋಡಲೆಂದೇ ಜನ ಗಾಡಿ ಕಟ್ಟುತ್ತಿದ್ದರು. ಅವರ ಪತ್ನಿ ಬಿ. ಜಯಮ್ಮ ಅದೇ ಕಂಪನಿಯ ಪ್ರಸಿದ್ಧ ನಟಿ. ವೀರಣ್ಣನವರ ಆತ್ಮಕಥೆಯ ಹೆಸರೇ ‘ಕಲೆಯೇ ಕಾಯಕ’; ಮನೆ ಎಲ್ಲಿ ಮುಗಿದು ಕಾಯಕ ಎಲ್ಲಿ ಶುರುವಾಗುತ್ತಿತ್ತೆಂದು ಅವರಿಗಾದರೂ ಗೊತ್ತಿತ್ತೋ ಇಲ್ಲವೋ. ನಾಟಕದ ಹಾದಿಯಲ್ಲೇ ಬಂದ ಹಾಸ್ಯನಟ ನರಸಿಂಹರಾಜು 1954ರ ‘ಬೇಡರ ಕಣ್ಣಪ್ಪ’ದಿಂದ ಸಿನಿಮಾದಲ್ಲಿ ನೆಲೆಯಾದರು. ಇಂದಿನ ಸಿನಿಮಾ ನಟರಾದ ಶರಣ್, ಶ್ರುತಿ ಕೂಡ ನಾಟಕದ ತಂದೆತಾಯಿಯ ಮಕ್ಕಳು.

ಕಾಕಾಗೆ ಇವರೆಲ್ಲರಿಗಿಂತ ಸಿನಿಮಾದ ಹಾಸ್ಯನಟ ಬಾಲಕೃಷ್ಣ ಹೆಚ್ಚು. ಬಾಲಣ್ಣನಿಗೆ ಕಿವಿ ಮಂದ. ‘ಹಾಸ್ಯದವಗ ಕಿವಿನ ಬಂಡವಾಳ’ ಎನ್ನುತ್ತ ಅವರು ತಮ್ಮ ಕಿವಿ ಹಿಡಿದು ತೋರಿಸಿದರು. ‘ಜನ ನಗೂದು ಏರಾಕತ್ತಿತಂದ್ರ ತಡೀಬೇಕು, ಇಳಿಯೂದರಾಗ ಮುಂದಿನ ಮಾತು ಒಗೀಬೇಕು. ಆ ಮನಶ್ಯಾ ಅದನ್ನ ಎದರಾಗ ಕೇಳಿದ್ನೋ!’ ಸಿನಿಮಾದ ಕ್ಯಾಮೆರಾ ಎದುರು ನಗುವ ಜನ ಇರುವುದಿಲ್ಲ ಎಂದು ನಾನು ಬಾಯಿ ತೆರೆದೆ. ಕಾಕಾನ ಮುಖ ನೋಡಿ ಮುಚ್ಚಿದೆ.

ಹುಡುಗನಿಗೆ ಬೇರೆಯದೇ ಚಿಂತೆ. ಟೀವಿಯಲ್ಲಿ ಸ್ಕಿಟ್ ಬರೆದು ಕೊಡುವವರಿದ್ದರು, ಇಲ್ಲಿ ಮಾಲೀಕರು ‘ಸ್ವಲ್ಪ ಮಸಾಲಿ ಹಾಕು’ ಎನ್ನುತ್ತಾರೆ. ಮಸಾಲೆ ಎಂದರೆ ಎರಡರ್ಥದ ಮಾತು. ಜಾತ್ರೆಯ ಬೋರ್ಡುಗಳ ಮೇಲಿನ ಕೆಲವು ನಾಟಕದ ಹೆಸರುಗಳನ್ನು ಮಕ್ಕಳು ಗಟ್ಟಿಯಾಗಿ ಓದಿದರೆ ದೊಡ್ಡವರು ಬೇರೆ ಕಡೆ ನೋಡಬೇಕು. ಇದಕ್ಕೆ ಜನರ ರುಚಿ ಕಾರಣ ಎಂಬ ಹಳೆಯ ಸಬೂಬನ್ನು ನಾನು ನಂಬುವುದಿಲ್ಲ. ಮಾಸ್ಟರ್ ಹಿರಣ್ಣಯ್ಯ ‘ಲಂಚಾವತಾರ’ದಲ್ಲಿ ಆಯಾ ದಿನದ ರಾಜಕಾರಣವನ್ನು ನಿಂತ ನಿಲುವಿನಲ್ಲೇ ಜಾಲಾಡಿ ಸಾವಿರಾರು ಪ್ರಯೋಗ ತುಂಬಿಸಿದರು. ಜೇವರ್ಗಿ ರಾಜಣ್ಣನವರ ‘ಕುಂಟ ಕೋಣ ಮೂಕ ಜಾಣ’ಕ್ಕೆ ಮುಗಿಬಿದ್ದದ್ದೂ ಇದೇ ಜನ.

ಇಷ್ಟು ಹೊತ್ತು ಸುಮ್ಮನಿದ್ದ ಜೋಡಿಯ ಹೆಂಗಸು ಹುಬ್ಬು ತೀಡುತ್ತ ಹೇಳಿದಳು: ‘ಮುಂದಿನ ಸಾಲಿನ್ಯಾಗಿನ ಹುಡುಗರ ಸಿಳ್ಳಿ ಮಾಲೀಕರಿಗೆ ಕೇಳತೈತಿ. ಹಿಂದ ಕುಂತ ಹೆಣ್ಮಕ್ಕಳು ತಲಿ ಬಗ್ಗಿಸಿದ್ದು ಗಲ್ಲಾದಾಗ ಕಾಣಂಗಿಲ್ಲ. ಮೇಲೆ ನಿಂತ ನನಗ ಕಾಣತೈತಿ.’ ಆಕೆಯ ತಾಯಿಯೂ ಕಂಪನಿಯ ನಟಿ. ಈಕೆ ತೊಟ್ಟಿಲಲ್ಲಿ ಕೇಳಿದ್ದು ಜೋಗುಳಕ್ಕಿಂತ ಹೆಚ್ಚು ಮೊದಲನೇ ಬೆಲ್ಲು, ಎರಡನೇ ಬೆಲ್ಲು. ಕ್ಯಾಂಪು ಬದಲಾದಂತೆ ಶಾಲೆಯೂ ಬದಲಾಗಿ ಆರನೇ ಇಯತ್ತೆಗೇ ನಿಂತಿತು. ಅದಕ್ಕೇ ತನ್ನ ಇಬ್ಬರನ್ನು ಅಜ್ಜಿಯ ಹತ್ತಿರ ಬಿಟ್ಟಿದ್ದಾಳೆ. ಟ್ರಂಕಿನ ಫೋಟೊ ಅವರದೇ.

ಮೊದಲನೇ ಬೆಲ್ ಹೊಡೆಯಿತು. ಆಕೆ ಹುಡುಗನ ಕಡೆ ತಿರುಗಿ, ‘ಅವರಿಗೆ ಹೇಳು, ಟೊಪಗಿ ಟ್ರಂಕಿನ ಹಿಂದ ಬಿದ್ದೈತಿ’ ಎಂದಳು. ‘ಅವರು’ ಎರಡು ಮೊಳ ದೂರದಲ್ಲಿದ್ದರು. ಟೊಪ್ಪಿಗೆ ಎತ್ತಿಕೊಂಡು ಗಂಡ ಹೊರಗೆ ಹೋದ ಮೇಲೆ ಸಂಗತಿ ಹೊರಬಿತ್ತು. ಊರಲ್ಲಿ ಅವನ ತಮ್ಮ ಬೋರ್ ಹೊಡೆಸುತ್ತಿದ್ದಾನೆ. ಮಾಲೀಕರಿಂದ ತೆಗೆದ ಅಡ್ವಾನ್ಸಿನಲ್ಲಿ ಇಪ್ಪತ್ತು ಸಾವಿರ ಅಲ್ಲಿಗೆ ಹೋಗಿದೆ. ಹೇಳಿಲ್ಲ, ಕೇಳಿಲ್ಲ. ಇವತ್ತು ಮ್ಯಾನೇಜರನ ಪುಸ್ತಕದಲ್ಲಿ ಅವಳ ಕಣ್ಣಿಗೆ ಬಿತ್ತು. ಅಡ್ವಾನ್ಸ್ ಎಂದರೆ ಇಬ್ಬರ ಮುಂದಿನ ವರ್ಷದ ದುಡಿಮೆ. ಅದು ತೀರುವತನಕ ಇಬ್ಬರೂ ಕಂಪನಿ ಬಿಟ್ಟು ಕದಲುವಂತಿಲ್ಲ. ಮಕ್ಕಳ ಫೀಸು ಬಾಕಿ.

‘ತಮ್ಮಗ ಕೊಡಬಾರದಂತಲ್ರಿ’ ಎಂದಳು. ‘ನನಗೊಂದು ಮಾತು?’

ಕಾಕಾ ಏನೂ ಹೇಳಲಿಲ್ಲ. ನನಗೂ ಹೇಳಲು ತೋಚಲಿಲ್ಲ.

ಆಟ ಶುರುವಾಯಿತು. ನಾನು ಸೈಡ್ ವಿಂಗಿನಲ್ಲಿ ನಿಂತೆ. ಗೌಡರ ವಾಡೆಯ ದರ್ಬಾರು ಮುಗಿದು, ಮುಂದೆ ಗುಡಿಸಲಿನ ಸೀನು ಬರಬೇಕು. ನಡುವೆ ರಸ್ತೆ ಪರದೆ ಇಳಿಯಿತು: ವಿದ್ಯುತ್ ಕಂಬ, ಎರಡು ಅಂಗಡಿ, ಬಣ್ಣ ಸುಲಿದ ಮೋಟಾರು ಇರುವ ಬೀದಿಯ ಚಿತ್ರ. ಹಾಸ್ಯದವರ ರಾಜ್ಯ ಈ ಪರದೆಯ ಮುಂದಿನ ಆರು ಅಡಿ. ಹಿಂದೆ ವಾಡೆ ಕಳಚಿ ಗುಡಿಸಲು ನಿಲ್ಲಿಸುವತನಕ ಇವರು ಜನರನ್ನು ಹಿಡಿದಿಡಬೇಕು. ಎಷ್ಟು ಹೊತ್ತು ಎಂದು ಯಾವ ಕವಿಯೂ ಬರೆದಿಡಲಾರ, ಅದು ಸುತ್ತಿಗೆಗೆ ಬಿಟ್ಟದ್ದು. ಟಕ್ ಟಕ್ ಕೇಳುತ್ತಿದ್ದರೆ ಮಾತು ಬೆಳೆಸು, ನಿಂತರೆ ಹಾಡಿಗೆ ಎತ್ತುಗಡೆ ಕೊಟ್ಟು ಒಳಗೆ ಬಾ.

ಗಂಡ ಟೊಪ್ಪಿಗೆ ಓರೆ ಮಾಡಿಕೊಂಡು ಬಂದ. ನಾಟಕದಲ್ಲಿ ಅವನು ಹೆಂಡತಿಗೆ ಹೆದರುವ ಪೋಸ್ಟ್‌ಮನ್, ಅವಳು ಸೀರೆ ಬೇಕೆಂದು ಹಟ ಹಿಡಿಯುವವಳು. ನಾಲ್ಕು ಮಾತು ಬರೆದ ಹಾಗೇ ನಡೆಯಿತು. ಐದನೆಯದಕ್ಕೆ ಆಕೆ ಸೀರೆಯ ಮಾತು ಬಿಟ್ಟಳು.

‘ಊರ ಮಂದಿ ಮನಿಯಾರ್ಡರ ಹಂಚತಿ. ನಮ್ಮನಿ ಮನಿಯಾರ್ಡರ ಯಾರ ಮನಿಗೆ ಹೋತು?’

ಪೇಟಿ ಮಾಸ್ತರ ತಲೆ ಎತ್ತಿ ನೋಡಿದರು. ಗಂಡನ ಮುಖದ ಬಣ್ಣದ ಕೆಳಗೆ ಇನ್ನೊಂದು ಬಣ್ಣ ಬಂದು ಹೋಯಿತು. ಜನ ನಕ್ಕರು.

‘ವಿಳಾಸ ತಪ್ಪೇತಿ’ ಎಂದ.

‘ಎಲ್ಲಿ ತಪ್ಪೀತು? ಮನಿತನದ ಹೆಸರು ಒಂದ ಐತೆಲ್ಲ!’

ಹೆಂಗಸರ ಸಾಲು ಒಮ್ಮೆಗೇ ಎದ್ದಿತು. ಯಾರೋ ಅಜ್ಜಿ ‘ಹಂಗ ಕೇಳ ನಮ್ಮವ್ವ’ ಎಂದು ಕೂಗಿದಳು. ಅವನು ನೀರಿಲ್ಲದ ಬೋರಿನ ಮೇಲೆ ಒಂದು ಮಾತು ಒಗೆದ, ಅವಳು ಅದನ್ನು ಕೆಳಗೆ ಬೀಳಲು ಬಿಡದೆ ಹಿಡಿದಳು. ನಗುವಿನ ಅಬ್ಬರದಲ್ಲಿ ಸುತ್ತಿಗೆ ಯಾವಾಗ ನಿಂತಿತೋ. ಗುಡಿಸಲು ಸಿದ್ಧವಾಗಿತ್ತು, ನಾಯಕಿ ಅಳಲು ತಯಾರಾಗಿ ಕೂತಿದ್ದಳು. ಮ್ಯಾನೇಜರ ವಿಂಗಿನಿಂದ ಕೈ ಮಾಡಿದ, ಟಾರ್ಚು ಬಿಟ್ಟ. ಇಬ್ಬರೂ ನೋಡಲಿಲ್ಲ.

‘ಕೊಟ್ಟಿದ್ದು ಕೊಟ್ಟಿ’ ಎಂದಳು ಕೊನೆಗೆ, ಜನರ ಕಡೆ ತಿರುಗದೆ ಅವನನ್ನೇ ನೋಡುತ್ತ. ‘ಹೇಳಿ ಕೊಟ್ಟಿದ್ರ ನಾ ಬ್ಯಾಡ ಅಂತಿದ್ನೇನು?’

ಈ ಮಾತಿಗೆ ಯಾರೂ ನಗಲಿಲ್ಲ. ಪೇಟಿ ಮಾಸ್ತರ ತಡಮಾಡದೆ ಹಾಡು ಎತ್ತಿಕೊಂಡರು. ಅವನು ಒಂದು ಸಾಲು ತಡವಾಗಿ ಹಾಡಿಗೆ ಸೇರಿದ.

ಒಳಗೆ ಬಂದಾಗ ಮ್ಯಾನೇಜರ ಕಾಯುತ್ತಿದ್ದ, ಆರು ನಿಮಿಷ ಜಾಸ್ತಿ ಎಂದು ಗದರಿದ. ಆಕೆ ಕೇಳಿಸಿಕೊಳ್ಳಲಿಲ್ಲ. ಬೆವರೊರೆಸಿಕೊಂಡು, ಉಳಿದಿದ್ದ ಎರಡು ತಣ್ಣನೆಯ ಭಜಿಯಲ್ಲಿ ಒಂದನ್ನು ಗಂಡನ ಕೈಗಿಟ್ಟಳು.

‘ಮನಿಯಾರ್ಡರ ಮಾತು ಚಲೋ ಎದ್ದಿತು. ಹತ್ತರ ಆಟಕ್ಕೂ ಇಡೂಣು.’

‘ಹಂಗಾರ ತಮ್ಮನ ರೊಕ್ಕದ್ದು?’

‘ಅದು ಬ್ಯಾರೆ’ ಎಂದಳು, ಟ್ರಂಕಿನ ಕನ್ನಡಿಯಲ್ಲಿ ಕುಂಕುಮ ಸರಿಮಾಡಿಕೊಳ್ಳುತ್ತ.