ಮೇಸ್ತ್ರಿ ನಂಬರು

ಸೋಮವಾರ ಬೆಳಗಿನ ಜಾವ ಮಧುಗಿರಿಯಲ್ಲಿ ಬೆಂಗಳೂರು ಬಸ್ಸಿಗೆ ಕಾಯುತ್ತ ನಿಂತವರ ಚೀಲ ನೋಡಿದರೆ ಸಾಕು, ಯಾರು ಯಾವ ಕೆಲಸಕ್ಕೆ ಹೊರಟಿದ್ದಾರೆ ಎಂದು ಹೇಳಿಬಿಡಬಹುದು. ಕೈಚೀಲದಲ್ಲಿ ಕರಣೆ, ರಸಮಟ್ಟ, ತೂಕದ ಗುಂಡು ಇಟ್ಟುಕೊಂಡು ಕೂತವನು ಗಾರೆ ಮೇಸ್ತ್ರಿ. ಕಂಬಿ ಬಗ್ಗಿಸುವ ಕೀಲಿ ಇಣುಕುತ್ತಿದ್ದರೆ ಬಾರ್ ಬೆಂಡಿಂಗಿನವನು. ಎರಡು ಜೊತೆ ಬಟ್ಟೆ, ಒಂದು ಹೊದಿಕೆ ಬಿಟ್ಟು ಬೇರೇನೂ ಇಲ್ಲದಿದ್ದರೆ ಅವನಿನ್ನೂ ಕೈಯಾಳು. ರಾಗಿ ಹಿಟ್ಟಿನ ಗಂಟು ಮಾತ್ರ ಎಲ್ಲರ ಬಳಿಯೂ ಉಂಟು.

ಇವರಿಗೆಲ್ಲ ಕೆಲಸ ಸಿಕ್ಕಿದ್ದು ಹೇಗೆ? ಪತ್ರಿಕೆಯ ಜಾಹೀರಾತು ನೋಡಿ ಹೊರಟವರು ಇಲ್ಲಿ ಯಾರೂ ಇಲ್ಲ. ಉದ್ಯೋಗ ವಿನಿಮಯ ಕಚೇರಿಯ ಮೆಟ್ಟಿಲು ಹತ್ತಿದವರೂ ಇಲ್ಲ. ಕಟ್ಟಡದ ಲೋಕದಲ್ಲಿ ಕೆಲಸ ಎಂದರೆ ಒಂದು ಸೈಟು. ಪಾಯ ತೆಗೆದಾಗ ಹುಟ್ಟುತ್ತದೆ, ಬಣ್ಣ ಬಳಿದ ದಿನ ಸಾಯುತ್ತದೆ. ಹಾಗಾಗಿ ಗಾರೆ ಕೆಲಸದವನು ವರ್ಷದಲ್ಲಿ ಎಷ್ಟೋ ಸಲ ಹೊಸದಾಗಿ ಕೆಲಸ ಹುಡುಕಲೇಬೇಕು. ತುಮಕೂರು ಜಿಲ್ಲೆಯ ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡದ ಜನ ಈ ಹುಡುಕಾಟಕ್ಕೆ ತಮ್ಮದೇ ದಾರಿ ಕಂಡುಕೊಂಡಿದ್ದಾರೆ. ಆ ದಾರಿ ಒಂದು ದಿನದಲ್ಲಿ ಬಿದ್ದದ್ದಲ್ಲ.

ಜನರನ್ನು ಇಲ್ಲಿಂದ ಎಬ್ಬಿಸಿ ಇನ್ನೊಂದು ಊರು ಕಟ್ಟುವುದಂತೂ ಹಳೆಯ ಕಥೆ. 1687ರಿಂದ ಸುಮಾರು ಎಪ್ಪತ್ತು ವರ್ಷ ಶಿರಾ ಮೊಗಲರ ಸುಬಾದ ರಾಜಧಾನಿ. ಸುಬೇದಾರ ದಿಲಾವರ್ ಖಾನ್ ಅಲ್ಲಿ ಕಟ್ಟಿಸಿದ ಅರಮನೆ ನೋಡಿಯೇ ಹೈದರ್ ಮತ್ತು ಟಿಪ್ಪು ಬೆಂಗಳೂರು, ಶ್ರೀರಂಗಪಟ್ಟಣಗಳಲ್ಲಿ ಅರಮನೆ ಕಟ್ಟಿಸಿದರು ಎಂದು ಬಿ.ಎಲ್. ರೈಸ್ ತಮ್ಮ ಗೆಜೆಟಿಯರ್‌ನಲ್ಲಿ ಬರೆದಿದ್ದಾರೆ. ಮುಂದೆ ಶ್ರೀರಂಗಪಟ್ಟಣದ ಪಕ್ಕ ಗಂಜಾಂ ಪೇಟೆ ಎಬ್ಬಿಸುವಾಗ ಟಿಪ್ಪು ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಸಾಗಿಸಿದ ಎಂಬ ದಾಖಲೆಯೂ ಇದೆ. ಶಿರಾ ಆಮೇಲೆ ಹಳೆಯ ವೈಭವಕ್ಕೆ ಮರಳಲಿಲ್ಲ. ಊರಿಗೆ ಉಳಿದದ್ದು ಜುಮ್ಮಾ ಮಸೀದಿ, ಮಲಿಕ್ ರಿಹಾನನ ಗೋರಿ ಮತ್ತು ಕೋಟೆಯ ಕಂದಕ.

ಆ ಸಾಗಣೆಗೂ ಇವತ್ತಿನ ಬಸ್ಸಿಗೂ ನೇರ ನಂಟು ಕಟ್ಟುವುದು ಸರಿಯಲ್ಲ. ನಡುವಿನ ಇನ್ನೂರು ವರ್ಷ ಜನ ಬಹುಪಾಲು ನೆಲ ನೆಚ್ಚಿಕೊಂಡೇ ಬದುಕಿದರು. ಕಲ್ಲಿನ ಸೀಮೆ ಇದು. ಚಪ್ಪಡಿ ಹಾಸಿದ ಮನೆ, ಮಣ್ಣಿನ ಮಾಳಿಗೆ, ಕಲ್ಲು ಕಟ್ಟಡದ ಬಾವಿ, ಕೆರೆ ಏರಿ ಎಲ್ಲಕ್ಕೂ ಕೈ ಬೇಕಿತ್ತು. ಕಲ್ಲು ಸೀಳುವವರು, ಮಣ್ಣು ಹೊರುವವರು ಸುತ್ತಲ ಹಳ್ಳಿಗಳಲ್ಲೇ ಇದ್ದರು. ಸುಗ್ಗಿ ಮುಗಿದ ಮೇಲೆ ಬೇಸಾಯಗಾರನೂ ಬಾವಿ ತೋಡುವುದಕ್ಕೆ ಹೋಗುತ್ತಿದ್ದ. ಕಟ್ಟುವ ಕೆಲಸ ಬೇಸಗೆಯ ಕೆಲಸವಾಗಿತ್ತು, ಅಷ್ಟೆ.

ಅದು ಇಡೀ ವರ್ಷದ ಕಸುಬಾದದ್ದಕ್ಕೆ ಮಳೆ ಒಂದನ್ನೇ ದೂರಿದರೆ ಲೆಕ್ಕ ತಪ್ಪುತ್ತದೆ. ಪಾವಗಡ, ಶಿರಾ, ಮಧುಗಿರಿಯ ಕೆಂಪು ನೆಲಕ್ಕೆ ಕಡಲೆಕಾಯಿಯೇ ರೊಕ್ಕದ ಬೆಳೆ. 1994ರಲ್ಲಿ ಕೇಂದ್ರ ಸರ್ಕಾರ ತಾಳೆ ಎಣ್ಣೆಯ ಆಮದನ್ನು ಖಾಸಗಿಯವರಿಗೆ ಬಿಟ್ಟುಕೊಟ್ಟಿತು. ಮೊದಲು ಶೇ 65 ಇದ್ದ ಸುಂಕ 1998ರ ಹೊತ್ತಿಗೆ ಶೇ 15ಕ್ಕೆ ಇಳಿಯಿತು. ಅಂಗಡಿಯಲ್ಲಿ ಅಗ್ಗದ ಪಾಮೊಲಿನ್ ಸಿಗುವಾಗ ಕಡಲೆಕಾಯಿ ಎಣ್ಣೆ ಕೇಳುವವರು ಕಡಿಮೆಯಾದರು. ಅದೇ ಕಾಲಕ್ಕೆ ಕೊಳವೆಬಾವಿಗಳು ಆಳಕ್ಕಿಳಿದು ಬತ್ತತೊಡಗಿದವು. 2001ರಿಂದ ಮೂರು ವರ್ಷ ಎಡೆಬಿಡದೆ ಬರ. ಹೊಲ ಕೈಬಿಟ್ಟ ಈ ಹೊತ್ತಿನಲ್ಲೇ ನೂರು, ನೂರೈವತ್ತು ಕಿಲೊಮೀಟರ್ ದೂರದ ಬೆಂಗಳೂರು ಐಟಿ ದುಡ್ಡಿನಲ್ಲಿ ಮೇಲೆದ್ದು ನಿಲ್ಲುತ್ತಿತ್ತು.

ಜನಕ್ಕಿಂತ ಮೊದಲು ಹೋದದ್ದು ಮರಳು ಎಂದರೂ ನಡೆದೀತು. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿ ದಾಟಿ ಉತ್ತರ ಪಿನಾಕಿನಿ ಸೇರುವ ನದಿ. ನೀರು ಹರಿಯುವ ದಿನಗಳಿಗಿಂತ ಮರಳು ಕಾಣುವ ದಿನಗಳೇ ಹೆಚ್ಚು. ಬೆಂಗಳೂರಿನ ಗೋಡೆಗಳಿಗೆ ಆ ಮರಳು ಲಾರಿ ಲಾರಿಯಾಗಿ ಹೋಯಿತು. ಲಾರಿಗೆ ಮರಳು ತುಂಬಲು ಹೋದ ಹುಡುಗರು ಲಾರಿಯ ಮೇಲೆಯೇ ಕೂತು ಬೆಂಗಳೂರು ನೋಡಿದರು. ಮರಳು ಸುರಿದ ಜಾಗದಲ್ಲಿ ‘ಆಳು ಬೇಕು’ ಎಂಬ ಮಾತು ಕೇಳಿದರು. ಗಣಿಗಾರಿಕೆ ಎಷ್ಟು ಚಿಕ್ಕದಿದ್ದರೂ ಪರಿಸರ ಅನುಮತಿ ಬೇಕೆಂದು 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆಮೇಲೆ ಪೇಟೆ ನಿಧಾನಕ್ಕೆ ಎಂ-ಸ್ಯಾಂಡಿನ ಕಡೆ ಹೊರಳಿತು. ಹುಡುಗರು ಮಾತ್ರ ಅಷ್ಟರಲ್ಲಿ ಕರಣೆ ಹಿಡಿದಾಗಿತ್ತು.

ಮೇಸ್ತ್ರಿ ಎಂಬ ವ್ಯವಸ್ಥೆ ಬೆಳೆದದ್ದು ಹೀಗೆ. ಊರಿನಿಂದ ಒಬ್ಬ ಮೊದಲು ಹೋಗುತ್ತಾನೆ. ಜಲ್ಲಿ ಹೊತ್ತು, ಬಾಂಡ್ಲಿ ಎತ್ತಿ, ಮೂರ್ನಾಲ್ಕು ವರ್ಷದಲ್ಲಿ ಇಟ್ಟಿಗೆ ಸಾಲು ನೆಟ್ಟಗೆ ಕೂರಿಸಲು ಕಲಿಯುತ್ತಾನೆ. ಆಗ ಅವನು ಅರೆ ಮೇಸ್ತ್ರಿ. ಮೂಲೆ ಎಬ್ಬಿಸಲು, ನಕ್ಷೆ ಓದಲು ಬಂದರೆ ಪೂರಾ ಮೇಸ್ತ್ರಿ. ಮುಂದಿನ ಮೆಟ್ಟಿಲು ಲೇಬರ್ ಕಾಂಟ್ರಾಕ್ಟು: ದಿನಗೂಲಿ ಬಿಟ್ಟು ಒಂದು ಚದರಕ್ಕೆ, ಅಂದರೆ ನೂರು ಚದರಡಿಗೆ, ಇಷ್ಟು ಎಂದು ಮಾತಾಡಿಕೊಳ್ಳುವುದು. ಚದರದ ಲೆಕ್ಕಕ್ಕೆ ಬಂದವನಿಗೆ ಆಳು ಬೇಕು. ಆಳನ್ನು ಅವನು ಕೂಲಿಯವರು ಕಾದು ನಿಲ್ಲುವ ಅಡ್ಡಾದಲ್ಲಿ ಹುಡುಕುವುದಿಲ್ಲ, ಊರಿಗೆ ಫೋನ್ ಮಾಡುತ್ತಾನೆ. ಅಣ್ಣನ ಮಗ, ಭಾವಮೈದ, ಪಕ್ಕದ ಹಟ್ಟಿಯವನು. ಇಂತಿಷ್ಟು ಅಡ್ವಾನ್ಸ್ ಕಳಿಸುತ್ತಾನೆ, ಹಬ್ಬದ ಸಾಲವೂ ಅದರಲ್ಲೇ ತೀರುತ್ತದೆ. ಉದ್ಯೋಗ ಕಚೇರಿ, ಬ್ಯಾಂಕು, ಹಾಸ್ಟೆಲ್ ಮೂರೂ ಒಬ್ಬನೇ ಮನುಷ್ಯ.

ಮೇಸ್ತ್ರಿ ಇಲ್ಲದವರ ಪಾಲಿಗೆ ಅಡ್ಡಾ. ಬೆಂಗಳೂರಿನ ಕೆಲವು ವೃತ್ತಗಳಲ್ಲಿ ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ನಿಲ್ಲುವುದು. ‘ಕೆಲ್ಸ ಐತೇನಣ್ಣಾ’ ಎಂದು ಸ್ಕೂಟರ್ ನಿಲ್ಲಿಸಿದವನನ್ನು ಮುತ್ತಿಕೊಳ್ಳುವುದು. ಒಂಬತ್ತು ದಾಟಿದರೆ ಆ ದಿನ ಖಾಲಿ. ಪಾವಗಡದವರಿಗೆ ಇಲ್ಲಿ ಒಂದು ಅನುಕೂಲ ಉಂಟು. ಮೂರು ಕಡೆ ಆಂಧ್ರ ಸುತ್ತುವರಿದ ತಾಲ್ಲೂಕು ಅದು, ತೆಲುಗು ಎಲ್ಲರ ಬಾಯಲ್ಲೂ ಸಲೀಸು. ಬೆಂಗಳೂರಿನ ಸೈಟುಗಳಲ್ಲಿ ತೆಲುಗು ಮಾತಾಡುವ ಮೇಸ್ತ್ರಿಗಳು ಬೇಕಾದಷ್ಟು. ಎರಡು ನುಡಿ ಬಂದವನಿಗೆ ಎರಡು ಬಾಗಿಲು.

ಹೆಂಗಸರ ಲೆಕ್ಕವೇ ಬೇರೆ. ಗಂಡನ ಜೊತೆ ಜೋಡಿ ಆಳಾಗಿ ಹೋಗಿ ಇಪ್ಪತ್ತು ವರ್ಷ ಬಾಂಡ್ಲಿ ಹೊತ್ತವಳೂ ಕೊನೆಯವರೆಗೆ ಕೈಯಾಳೇ. ಕರಣೆಯನ್ನು ಅವಳ ಕೈಗೆ ಕೊಡುವ ಮೇಸ್ತ್ರಿ ಅಪರೂಪ, ಕೂಲಿಯೂ ಗಂಡಾಳಿಗಿಂತ ಕಡಿಮೆ. ಅಳಿಯನಿಗೆ, ಭಾವಮೈದನಿಗೆ ಇರುವ ಏಣಿ ಅವಳಿಗಿಲ್ಲ.

ಊರಲ್ಲೇ ಕಟ್ಟುವ ಕೆಲಸ ಸಿಕ್ಕರೆ? ಆ ಆಸೆಯನ್ನೂ ಪಾವಗಡ ಕಂಡಿದೆ. ತಿರುಮಣಿ, ವಳ್ಳೂರು, ಬಾಲಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಎಂಬ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ಪಾರ್ಕ್ ಎದ್ದಿತು. 2018ರ ಮಾರ್ಚ್ 1ರಂದು ಉದ್ಘಾಟನೆ, 2019ರ ಕೊನೆಗೆ ಪೂರ್ಣ. ಜಮೀನಿದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ ಗೊತ್ತಾಯಿತು. ಕಂಬ ನೆಡುವಾಗ, ಚರಂಡಿ ತೋಡುವಾಗ, ಪ್ಯಾನೆಲ್ ಏರಿಸುವಾಗ ಆಳಿಗೆ ಬೇಡಿಕೆಯೋ ಬೇಡಿಕೆ. ಊರ ಕಡೆ ಮರಳಿದವರೂ ಇದ್ದರು. ಕಟ್ಟುವುದು ಮುಗಿದ ಮೇಲೆ ಉಳಿದ ಕೆಲಸ ಹುಲ್ಲು ಕತ್ತರಿಸುವುದು, ಪ್ಯಾನೆಲ್ ತೊಳೆಯುವುದು, ಗೇಟು ಕಾಯುವುದು. ಹೊಲವಿಲ್ಲದ ಕೂಲಿಯವನಿಗೆ ಬಾಡಿಗೆಯೂ ಬರಲಿಲ್ಲ, ಮೊದಲಿದ್ದ ಕಡಲೆಕಾಯಿ ಕೀಳುವ ಕೆಲಸವೂ ಹೋಯಿತು. ಸೂರ್ಯನಿಂದ ಬಂದ ಕರೆಂಟಿನ ಹಿಂದೆಯೇ ಅವನೂ ಮತ್ತೆ ಬೆಂಗಳೂರಿಗೆ ಹೊರಟ.

ಊರಲ್ಲೇ ಕೆಲಸ ಕೊಡುವ ಉದ್ಯೋಗ ಖಾತರಿ ಯೋಜನೆ ತುಮಕೂರು ಜಿಲ್ಲೆಗೆ ಬಂದದ್ದು 2008ರಲ್ಲಿ. ಕೃಷಿ ಹೊಂಡ, ಬದು, ಕೆರೆ ಹೂಳು ಹೀಗೆ ಅದೂ ಒಂದು ಬಗೆಯ ಕಟ್ಟುವ ಕೆಲಸವೇ. 2024–25ರಲ್ಲಿ ರಾಜ್ಯದಲ್ಲಿ ಅದರ ದಿನಗೂಲಿ 349 ರೂಪಾಯಿ. ಗಂಡು ಹೆಣ್ಣಿಗೆ ಒಂದೇ ಕೂಲಿ ಎಂಬುದರಿಂದ ಹೆಂಗಸರಿಗೆ ಅದು ನಿಜಕ್ಕೂ ದಕ್ಕಿತು. ಗಾರೆ ಕಲಿತವನಿಗೆ ಆ ಮೊತ್ತ ಸಾಲಲಿಲ್ಲ.

ಈ ದಾರಿಯಲ್ಲಿ ನಮ್ಮವರಷ್ಟೇ ಇಲ್ಲ. ಶಿರಾ ಪಕ್ಕ ಹಾಯುವ ಹೆದ್ದಾರಿ 48ರಲ್ಲಿ ರಾಯಚೂರು ಕಡೆಯ ಕೂಲಿಯವರು ಕ್ರೂಸರ್‌ಗಳಲ್ಲಿ ಒತ್ತಿಕೊಂಡು ಬೆಂಗಳೂರಿಗೆ ಹೋಗುತ್ತಾರೆ. 2022ರ ಆಗಸ್ಟ್ 25ರ ನಸುಕಿನಲ್ಲಿ ಶಿರಾ ತಾಲ್ಲೂಕಿನ ಕಳ್ಳಂಬೆಳ್ಳ ಬಳಿ ಅಂಥ ಒಂದು ವಾಹನ ಲಾರಿಗೆ ಡಿಕ್ಕಿಯಾಗಿ 9 ಜನ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. 2020ರ ಲಾಕ್‌ಡೌನ್ ಇನ್ನೊಂದು ಮುಖ ತೋರಿಸಿತು. ಆ ವರ್ಷದ ಮೇ 5ರಂದು ಬಿಲ್ಡರುಗಳು ಮುಖ್ಯಮಂತ್ರಿಯನ್ನು ಕಂಡ ಮೇಲೆ ವಲಸೆ ಕಾರ್ಮಿಕರ ರೈಲುಗಳು ರದ್ದಾದವು, ಟೀಕೆ ಎದ್ದ ಮೇಲೆ ಮತ್ತೆ ಓಡಿದವು. ನಮ್ಮ ನಾಲ್ಕು ಪಟ್ಟಣಗಳಿಗೆ ರೈಲೇ ಇರಲಿಲ್ಲವಾದ್ದರಿಂದ ರದ್ದಾಗಲು ಏನೂ ಇರಲಿಲ್ಲ. ಬೈಕು, ಲಾರಿ, ಕಾಲ್ನಡಿಗೆ ಎನ್ನುತ್ತ ಜನ ಊರು ಮುಟ್ಟಿದರು.

ಆಗ ಕೆಲವರ ಖಾತೆಗೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ 5,000 ರೂಪಾಯಿ ಬಂತು. ಮಂಡಳಿಯ ಲೇಬರ್ ಕಾರ್ಡ್ ಎಂಬುದಕ್ಕೂ ಬೆಲೆ ಇದೆ ಎಂದು ಹಳ್ಳಿಗಳಿಗೆ ಗೊತ್ತಾದದ್ದು ಅದರಿಂದಲೇ. ಕಟ್ಟಡ ಕಾರ್ಮಿಕರಿಗಾಗಿ ಕೇಂದ್ರದ ಕಾಯ್ದೆ ಆದದ್ದು 1996ರಲ್ಲಿ, ನಮ್ಮ ರಾಜ್ಯ ನಿಯಮ ಮಾಡಲು 2006 ಆಯಿತು. ಕಟ್ಟಡದ ವೆಚ್ಚದಲ್ಲಿ ಶೇ 1ರಷ್ಟು ಸೆಸ್ ಮಂಡಳಿಗೆ ಹೋಗುತ್ತದೆ. 18ರಿಂದ 60 ವರ್ಷದೊಳಗಿನವರು ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದಿದ್ದರೆ ನೋಂದಣಿ. ಆ 90 ದಿನಕ್ಕೆ ಕೆಲಸ ಕೊಟ್ಟವರ ಸಹಿ ಬೇಕು, ಇಲ್ಲವೇ ಸಂಘದವರದೋ ಅಧಿಕಾರಿಯದೋ. ಎಂಟು ಸೈಟು ತಿರುಗಿದವನಿಗೆ ಕೆಲಸ ಕೊಟ್ಟವರು ಯಾರು? ಮನೆಯ ಮಾಲೀಕನ ಹೆಸರು ಅವನಿಗೆ ತಿಳಿಯದು, ಕಾಂಟ್ರಾಕ್ಟರನ ಮುಖ ಶನಿವಾರದ ಬಟವಾಡೆಯಲ್ಲಿ ಕಂಡದ್ದಷ್ಟೇ. ಕೇಳಿದರೆ ಮೊಬೈಲ್ ತೆಗೆದು ತೋರಿಸುತ್ತಾನೆ: ಮೇಸ್ತ್ರಿ ನೆಲಮಂಗಲ. ಮೇಸ್ತ್ರಿ ಟೈಲ್ಸ್. ಮೇಸ್ತ್ರಿ ಹೊಸದು.