ಬೇವಿನೆಣ್ಣೆ ಕೊಳವೆಯಲ್ಲಿ ಏಕೆ ಬೇರ್ಪಡುತ್ತದೆ?

ಒಂದೇ ಪೀಪಾಯಿಯ ಬೇವಿನೆಣ್ಣೆ ದ್ರಾವಣ ಸಿಂಪಡಿಸಿದರೂ ಕೆಲವು ಸಾಲುಗಳಲ್ಲಿ ಕೀಟ ಹಾಗೆಯೇ ಉಳಿದು, ಇನ್ನು ಕೆಲವು ಸಾಲುಗಳಲ್ಲಿ ಎಲೆ ಸುಡುವುದನ್ನು ನೀವು ಕಂಡಿರಬಹುದು. ಕೊಳವೆಯೊಳಗೆ ಎಣ್ಣೆಯ ಹನಿಗಳು ನಡೆದುಕೊಳ್ಳುವ ರೀತಿಯೇ ಇದಕ್ಕೆ ಒಂದು ಮುಖ್ಯ ಕಾರಣ.

ಎಣ್ಣೆ ನೀರಿನಲ್ಲಿ ಕರಗುವುದಿಲ್ಲ. ಸಾಬೂನಿನ ಸಹಾಯದಿಂದ ಸಣ್ಣ ಹನಿಗಳಾಗಿ ಹರಡಿಕೊಂಡಿರುತ್ತದೆ, ಅಷ್ಟೆ. ನೀರಿಗಿಂತ ಹಗುರವಾದ್ದರಿಂದ ಈ ಹನಿಗಳು ಸದಾ ಮೇಲೇರಲು ನೋಡುತ್ತವೆ. ಪಂಪು ನಡೆಯುತ್ತಿರುವಾಗ ಹರಿವಿನ ರಭಸವೇ ಅವನ್ನು ಕಲಕುತ್ತಿರುತ್ತದೆ. ಪಂಪು ನಿಂತರೆ, ನೆಲದ ಮೇಲೆ ಮಲಗಿದ ಕೊಳವೆಯ ಮೇಲ್ಭಾಗಕ್ಕೆ ಸೇರುತ್ತವೆ. ಏರಬೇಕಾದ ಎತ್ತರವಾದರೂ ಎಷ್ಟು? ಒಂದು ಸೆಂಟಿಮೀಟರೂ ಇಲ್ಲ. ಅಲ್ಲಿ ಒಂದಕ್ಕೊಂದು ಕೂಡಿ ದೊಡ್ಡದಾಗುತ್ತವೆ. ಸಮಗಾತ್ರದ 8 ಹನಿಗಳು ಒಂದಾದರೆ ವ್ಯಾಸ 2 ಪಟ್ಟು, ಮೇಲೇರುವ ವೇಗ ಸುಮಾರು 4 ಪಟ್ಟು!

8.5 ಮಿ.ಮೀ. ಒಳವ್ಯಾಸದ 100 ಮೀಟರ್ ಕೊಳವೆ ಸುಮಾರು 5.7 ಲೀಟರ್ ದ್ರಾವಣ ಹಿಡಿಯುತ್ತದೆ. ಲೀಟರಿಗೆ 5 ಮಿ.ಲೀ. ಬೆರೆಸಿದ್ದರೆ ಅದರಲ್ಲಿ 28 ಮಿ.ಲೀ. ಎಣ್ಣೆ. ಊಟ ಮುಗಿಸಿ ಬಂದು ಪಂಪು ಹಾಕಿದಾಗ ಇದು ಒಮ್ಮೆ ಬರೀ ನೀರಾಗಿ, ಒಮ್ಮೆ ಎಣ್ಣೆಯೇ ಹೆಚ್ಚಾಗಿ ಗಿಡದ ಮೇಲೆ ಬೀಳುತ್ತದೆ.

ಆದ್ದರಿಂದ ಕೆಲಸ ಮತ್ತೆ ಆರಂಭಿಸುವಾಗ ಕೊಳವೆಯಲ್ಲಿ ಉಳಿದುದನ್ನು ಮೊದಲು ಪೀಪಾಯಿಗೇ ಬಿಟ್ಟು, ಚೆನ್ನಾಗಿ ಕಲಕಿ, ನಂತರ ಸಿಂಪಡಿಸಿರಿ. ಎಣ್ಣೆಯನ್ನು ನೇರವಾಗಿ ಸುರಿಯದೆ, ಸಾಬೂನು ನೀರಿನೊಡನೆ ಹಾಲಿನಂತಾಗುವವರೆಗೆ ಕಡೆದು ಸೇರಿಸಿರಿ. ಗಡಸು ನೀರಿನಲ್ಲಿ ಸಾಬೂನು ಒಡೆಯುತ್ತದೆ. ಮಳೆನೀರು ಸಿಕ್ಕರೆ ಅದನ್ನೇ ಬಳಸಿರಿ. ಗಾಜಿನ ಲೋಟದಲ್ಲಿ ಸ್ವಲ್ಪ ದ್ರಾವಣವಿಟ್ಟು ನೋಡಿರಿ: ಕಾಲು ಗಂಟೆಯೊಳಗೆ ಎಣ್ಣೆ ಮೇಲೆ ತೇಲಿದರೆ ಸಾಬೂನು ಸಾಲದು, ಇಲ್ಲವೆ ಕಡೆದದ್ದು ಸಾಲದು.