ದಿಡ್ಡಿ ಬಾಗಿಲು

ಕೋಟೆ ಕಟ್ಟುವವರು ಮಹಾದ್ವಾರದ ವಿಚಾರವನ್ನು ಎಷ್ಟು ಯೋಚಿಸುತ್ತಾರೋ ದಿಡ್ಡಿ ಬಾಗಿಲಿನ ವಿಚಾರವನ್ನೂ ಅಷ್ಟೇ ಯೋಚಿಸಬೇಕು. ಹಗೆಯು ಮಹಾದ್ವಾರದಿಂದಲೇ ಬರಬೇಕೆಂದು ಯಾವ ಶಾಸ್ತ್ರವೂ ವಿಧಿಸಿಲ್ಲ. ಈ ಮಾತು ನಮ್ಮ ಕಾಲದ ಗೂಢಲಿಪಿ ವಿದ್ಯೆಗೆ ಎಷ್ಟರಮಟ್ಟಿಗೆ ಒಪ್ಪುತ್ತದೆಂಬುದನ್ನು ಓದುಗರ ಮುಂದಿಡಬೇಕೆಂಬುದು ನನ್ನ ಬಹುದಿನಗಳ ಆಸೆ.

ಬ್ಯಾಂಕಿಗೆ ಹಣ ಕಳುಹಿಸುವಾಗ, ಮಿತ್ರರಿಗೆ ಇಮೇಲ್ ಬರೆಯುವಾಗ, ನಮ್ಮ ಕಂಪ್ಯೂಟರು ದೂರದ ಸರ್ವರ್‌ನೊಡನೆ ಮೊದಲು ಒಂದು ಒಪ್ಪಂದ ಮಾಡಿಕೊಳ್ಳುತ್ತದೆ: ‘ನಾನು ಇಂತಿಂಥ ಗೂಢಲಿಪಿಗಳನ್ನು ಬಲ್ಲೆ, ನೀನು ಯಾವುದನ್ನು ಬಲ್ಲೆ?’ ಇಬ್ಬರೂ ಬಲ್ಲ ರೀತಿಯಲ್ಲಿ ಮಾತು ಮುಂದುವರಿಯುತ್ತದೆ. ಈ ಕೆಲಸವನ್ನು ಪ್ರತಿಯೊಂದು ತಂತ್ರಾಂಶವೂ ಹೊಸದಾಗಿ ಕಲಿಯುವುದಿಲ್ಲ. ಎಲ್ಲರೂ ಎರವಲು ಪಡೆಯಬಹುದಾದ ಸಿದ್ಧ ಭಂಡಾರಗಳಿವೆ. ಅವಕ್ಕೆ ಲೈಬ್ರರಿ ಎಂದು ಹೆಸರು. 1998ರಲ್ಲಿ ಆರಂಭವಾದ ‘ಓಪನ್ ಎಸ್‌ಎಸ್‌ಎಲ್’ ಅವುಗಳಲ್ಲಿ ಬಹು ಪ್ರಸಿದ್ಧವಾದುದು. ಅದು ಉದಾರವಾದ ಮನೆತನ. ಎಷ್ಟು ಹಳೆಯ ನೆಂಟ ಬಂದು ಬಾಗಿಲು ತಟ್ಟಿದರೂ ಅವನ ಭಾಷೆಯಲ್ಲೇ ಮಾತನಾಡಿಸಿ ಒಳಗೆ ಕರೆಯುತ್ತಿತ್ತು. ಅಪಾಯ ಹುಟ್ಟಿದ್ದು ಈ ಔದಾರ್ಯದಿಂದಲೇ.

1990ರ ದಶಕದಲ್ಲಿ ಅಮೆರಿಕವು ಬಲವಾದ ಗೂಢಲಿಪಿಯನ್ನು ಯುದ್ಧಸಾಮಗ್ರಿಯೆಂದು ಎಣಿಸಿತ್ತು. ಪರದೇಶಗಳಿಗೆ ಹೋಗುವ ತಂತ್ರಾಂಶದ ಬೀಗ ಬೇಕೆಂದೇ ದುರ್ಬಲವಾಗಿರಬೇಕಾಗಿತ್ತು: ರಹಸ್ಯ ಕೀಲಿಗೆ 40 ಬಿಟ್, ‘ಆರ್‌ಎಸ್‌ಎ’ ಕೀಲಿಗೆ 512 ಬಿಟ್. 40 ಬಿಟ್ ಎಂದರೆ ಸುಮಾರು 1.1 ಲಕ್ಷ ಕೋಟಿ ಕೀಲಿಗಳ ಸಾಧ್ಯತೆ. ಮನುಷ್ಯನಿಗೆ ಅದು ಸಮುದ್ರ. ಯಂತ್ರಕ್ಕೆ ಬೊಗಸೆ ನೀರು. 128 ಬಿಟ್ಟಿನ ಸಾಧ್ಯತೆಗಳನ್ನು ಬರೆಯುವುದಕ್ಕೆ 39 ಅಂಕಿಗಳು ಬೇಕು.

2000ದ ಜನವರಿಯಲ್ಲಿ ಆ ನಿರ್ಬಂಧ ಬಹುಮಟ್ಟಿಗೆ ಸಡಿಲವಾಯಿತು. ಆದರೆ ಅದಕ್ಕಾಗಿ ಬರೆದ ಸಾಲುಗಳು ಲೈಬ್ರರಿಯಲ್ಲೇ ಉಳಿದವು. 2015ರ ಮಾರ್ಚ್ ತಿಂಗಳಲ್ಲಿ ‘ಫ್ರೀಕ್’ ಎಂಬ ದಾಳಿ ಬೆಳಕಿಗೆ ಬಂತು. ನಡುದಾರಿಯಲ್ಲಿ ನಿಂತ ವಂಚಕನು ಒಪ್ಪಂದದ ಮಾತನ್ನು ತಿದ್ದಿ, ‘ನನಗೆ ಆ ದುರ್ಬಲ ಬೀಗವೇ ಸಾಕು’ ಎಂದು ಬಳಕೆದಾರನ ಹೆಸರಿನಲ್ಲಿ ಕೇಳುತ್ತಾನೆ. ಸರ್ವರ್ ವಿಧೇಯವಾಗಿ ಅದನ್ನೇ ಕೊಡುತ್ತದೆ. ಕೇಳದೆಯೇ ಬಂದ ಬೀಗವನ್ನು ಬಳಕೆದಾರನ ತಂತ್ರಾಂಶವೂ ತನ್ನ ದೋಷದಿಂದ ಒಪ್ಪಿಕೊಳ್ಳುತ್ತದೆ. ಅಂಥ ಬೀಗವನ್ನು ಬಾಡಿಗೆಯ ಕಂಪ್ಯೂಟರುಗಳಿಂದ ಸುಮಾರು ನೂರು ಡಾಲರ್ ವೆಚ್ಚದಲ್ಲಿ, ಕೆಲವೇ ಗಂಟೆಗಳಲ್ಲಿ ಮುರಿಯಬಹುದಾಗಿತ್ತು. ಕಾನೂನು ಸತ್ತು ಹದಿನೈದು ವರ್ಷಗಳಾದ ಮೇಲೆ ಅದರ ಪ್ರೇತ ಎದ್ದು ಬಂದಿತ್ತು.

ಇದಕ್ಕಿಂತಲೂ ಹೆಚ್ಚಾಗಿ ನನ್ನನ್ನು ಯೋಚನೆಗೆ ಹಚ್ಚಿದ್ದು ಮರುವರ್ಷದ ಸಂಗತಿ. 1995ರಲ್ಲಿ ನೆಟ್‌ಸ್ಕೇಪ್ ಸಂಸ್ಥೆ ಹೊರತಂದ ‘ಎಸ್‌ಎಸ್‌ಎಲ್ 2’ ಎಂಬ ವಿಧಾನ ದೋಷಪೂರ್ಣವೆಂದು ಬೇಗನೆ ತಿಳಿದು, ಮರುವರ್ಷವೇ ಮೂರನೆಯದು ಬಂದಿತ್ತು. ಎರಡನೆಯದನ್ನು ಬಳಸಲೇಬಾರದೆಂದು 2011ರಲ್ಲಿ ಅಂತರ್ಜಾಲದ ನಿಯಮವೂ ಆಯಿತು. ಆದರೂ ಅನೇಕ ಸರ್ವರ್‌ಗಳಲ್ಲಿ ಅದು ಉಳಿದಿತ್ತು. ಬಳಸುವವರೇ ಇಲ್ಲದ ಮೇಲೆ ಇದ್ದರೇನು ಎಂಬ ಸಮಾಧಾನ! 2016ರ ಮಾರ್ಚ್ 1ರಂದು ಪ್ರಕಟವಾದ ‘ಡ್ರೌನ್’ ದಾಳಿ ಆ ಸಮಾಧಾನವನ್ನು ಕದಡಿತು. ಹೊಸ ವಿಧಾನದಲ್ಲಿ ನಡೆದ ಮಾತುಕತೆಯನ್ನೂ ಹಳೆಯ ಬಾಗಿಲಲ್ಲಿ ನಿಂತು ಪ್ರಶ್ನೆಗಳನ್ನು ಕೇಳಿ ಕೇಳಿ ಬಿಡಿಸಬಹುದೆಂದು ಸಂಶೋಧಕರು ತೋರಿಸಿದರು. ಎರಡು ಬಾಗಿಲುಗಳಿಗೂ ಕೀಲಿ ಒಂದೇ ಆಗಿದ್ದುದೇ ಇದಕ್ಕೆ ಕಾರಣ. ಅವರ ಅಂದಾಜಿನಂತೆ, ಸುರಕ್ಷಿತವೆನಿಸಿಕೊಂಡ ವೆಬ್ ಸರ್ವರ್‌ಗಳಲ್ಲಿ ಶೇಕಡಾ 17ರಷ್ಟು ಹಳೆಯದನ್ನು ತಾವೇ ಇಟ್ಟುಕೊಂಡಿದ್ದವು. ಅಪಾಯಕ್ಕೆ ಒಳಗಾಗಿದ್ದವು ಶೇಕಡಾ 33. ಉಳಿದವು ತಮ್ಮ ಬಾಗಿಲನ್ನು ಮುಚ್ಚಿದ್ದರೂ, ಹಳೆಯ ಬಾಗಿಲು ತೆರೆದಿದ್ದ ಬೇರೊಂದು ಸರ್ವರ್ ಅದೇ ಕೀಲಿಯನ್ನು ಬಳಸುತ್ತಿತ್ತು.

ಹಳೆಯದನ್ನು ಗುಡಿಸುವ ಕೆಲಸ ಅಷ್ಟರಲ್ಲೇ ಮೊದಲಾಗಿತ್ತು. 2014ರ ಏಪ್ರಿಲ್ 7ರಂದು ಈ ಲೈಬ್ರರಿಯ ‘ಹಾರ್ಟ್‌ಬ್ಲೀಡ್’ ದೋಷ ಪ್ರಕಟವಾಯಿತು. ಅದು ಹಳೆಯ ಸಾಲುಗಳ ತಪ್ಪಲ್ಲ, 2012ರ ಸೇರ್ಪಡೆಯದು. ಆದರೆ ಅದರ ನೆಪದಲ್ಲಿ ಅಟ್ಟಕ್ಕೆ ದೀಪ ಹಿಡಿದವರಿಗೆ ಉಳಿದ ಕಸವೂ ಕಂಡಿತು. ‘ಓಪನ್ ಬಿಎಸ್‌ಡಿ’ ಬಳಗದವರು ಲೈಬ್ರರಿಯ ಒಂದು ಪ್ರತಿಯನ್ನು ತೆಗೆದುಕೊಂಡು, ‘ಲಿಬ್ರೆ ಎಸ್‌ಎಸ್‌ಎಲ್’ ಎಂಬ ಹೆಸರಿನಲ್ಲಿ ಶುದ್ಧಿಗಾರಂಭಿಸಿದರು. ಮೊದಲ ವಾರದಲ್ಲೇ 90,000ಕ್ಕೂ ಮಿಕ್ಕಿದ ಸಾಲುಗಳು ಹೊರಬಿದ್ದವು. ಓಎಸ್/2, ನೆಟ್‌ವೇರ್, 16 ಬಿಟ್ಟಿನ ವಿಂಡೋಸ್ ಮುಂತಾದವುಗಳಿಗಾಗಿ ಉಳಿಸಿದ್ದ ಭಾಗಗಳು ಹೋದವು. ಕೆಲವು ಯಂತ್ರಗಳಲ್ಲಿ ಸ್ಮೃತಿಯ ಹಂಚಿಕೆ ನಿಧಾನವೆಂದು ಲೈಬ್ರರಿ ಮಾಡಿಕೊಂಡಿದ್ದ ಸ್ವಂತ ಏರ್ಪಾಡೊಂದು, ಬೇರೆ ಯಂತ್ರಗಳಲ್ಲಿದ್ದ ಕಾವಲನ್ನೂ ನಿಷ್ಫಲಗೊಳಿಸುತ್ತಿತ್ತು, ಅದೂ ಹೋಯಿತು. ಮೂಲ ಲೈಬ್ರರಿಯವರೂ 2016ರ ಆಗಸ್ಟಿನಲ್ಲಿ ‘ಎಸ್‌ಎಸ್‌ಎಲ್ 2’ನ್ನೂ 40 ಮತ್ತು 56 ಬಿಟ್ಟಿನ ಬೀಗಗಳನ್ನೂ ಕಿತ್ತುಹಾಕಿದರು.

ಇದು ನೋವಿಲ್ಲದ ಕೆಲಸವಲ್ಲ. ಬಾಗಿಲು ಮುಚ್ಚಿದಾಗ ಹೊರಗುಳಿಯುವವನು ಕಳ್ಳನೊಬ್ಬನೇ ಅಲ್ಲ. 2014ರಲ್ಲಿ ‘ಎಸ್‌ಎಸ್‌ಎಲ್ 3’ರ ದೋಷವೂ ಬಯಲಾಗಿ ಜಾಲತಾಣಗಳು ಅದನ್ನು ಕೈಬಿಟ್ಟಾಗ, ಇಂಟರ್‌ನೆಟ್ ಎಕ್ಸ್‌ಪ್ಲೋರರ್ 6ನ್ನು ಇದ್ದಂತೆಯೇ ಬಳಸುತ್ತಿದ್ದವರಿಗೆ ಆ ತಾಣಗಳು ತೆರೆಯದಾದವು. ಹೊಸ ಯಂತ್ರ ಕೊಳ್ಳಲಾರದವನ ಅಳಲು ನಿಜವಾದದ್ದು; ಅವನಿಗೆ ನೆರವಾಗುವುದು ಬಲ್ಲವರ ಕರ್ತವ್ಯ. ಆದರೆ ಹಳೆಯ ವಿಧಾನವನ್ನು ಉಳಿಸಿಕೊಡುವುದು ನೆರವಲ್ಲ. ಬೀಗವಿಲ್ಲವೆಂದು ತಿಳಿದವನು ಒಡವೆಯನ್ನು ಅಲ್ಲಿಡುವುದಿಲ್ಲ. ಮುರಿದ ಬೀಗವನ್ನು ನಂಬಿದವನು ಇಡುತ್ತಾನೆ.

ಸಾಹಿತ್ಯವನ್ನು ನೆಚ್ಚಿದ ನಾವು ಹಳೆಯದನ್ನು ಉಳಿಸುವುದೇ ಪುಣ್ಯವೆಂದು ಬಗೆದವರು. ಓಲೆಗರಿಯನ್ನು ಉಳಿಸಲೇಬೇಕು, ಏಕೆಂದರೆ ಅದನ್ನು ಓದಬಹುದು. ಬೀಗದ ಧರ್ಮ ಬೇರೆ: ಕಾಯಲಾರದ ದಿನ ಅದರ ಸ್ಥಾನ ಚರಿತ್ರೆಯ ಪುಟ, ಮನೆಯ ಬಾಗಿಲಲ್ಲ. ಹೊಸದನ್ನು ಕೂಡಿಸಿದವರ ಹೆಸರನ್ನು ಲೋಕ ನೆನೆಯುತ್ತದೆ. ಅಳಿಸಿದವರ ಕೆಲಸಕ್ಕೆ ಗುರುತೇ ಇಲ್ಲ. ನಡೆಯದೆ ಹೋದ ಕಳವನ್ನು ಎಣಿಸಿದವರುಂಟೆ?